ಹಾಡಿನ ಏಟು

ನಮ್ಮೂರ ಗ್ರಂಥಾಲಯ ಹಾಡುಗಳನ್ನು ಹದಿನೈದು ದಿನಕ್ಕೆ ಎರವಲು ಕೊಡುತ್ತದೆ. ವಾಪಸ್ ಕೊಟ್ಟ ಮೇಲೆ ತಲೆಯಲ್ಲಿ ಒಂದು ಸ್ವರವೂ ಉಳಿಯುವುದಿಲ್ಲ. ಕೊಡುವ ಮುಂಚೆ ಕೌಂಟರಿನಲ್ಲಿ ಹಾಡಿ ತೋರಿಸಬೇಕು; ಪುಸ್ತಕದ ಹಾಳೆ ಹರಿದಿದೆಯೇ ಎಂದು ನೋಡಿದ ಹಾಗೆ ಕಿವಿಗೊಟ್ಟು ಕೇಳುತ್ತಾರೆ. ಹಾಡು ಕೆಟ್ಟಿದ್ದರೆ ಕಾರ್ಡು ರದ್ದು. ಎಂಟನೇ ತರಗತಿಗೇ ಶಾಲೆ ಬಿಟ್ಟು ವೆಲ್ಡಿಂಗ್ ಅಂಗಡಿ ಸೇರಿದ ನನಗೆ ಸಂಗೀತ ಸಿಕ್ಕಿದ್ದೇ ಆ ಕಾರ್ಡಿನಿಂದ.

ಆ ದಿನ ಹಳೆಯ ಸಂಗೀತ ಚಿತ್ರವೊಂದರ ಹಾಡು ಒಪ್ಪಿಸುತ್ತಿದ್ದೆ. ಗ್ರಂಥಪಾಲಕಿ ನೀಲವ್ವ ಅಕ್ಕಾರು ಕೈಯೆತ್ತಿ ನಿಲ್ಲಿಸಿದರು.

“ಚರಣದಾಗ ಇದೇನೋ ಫಕೀರಪ್ಪ? ಟಣ್ ಅಂತ ಏಟು ಬೀಳಾಕತ್ತೈತಿ. ಕೊಟ್ಟಾಗ ಇರಲಿಲ್ಲಲ್ಲ!”

“ಸಾಲಿ ಬಿಟ್ಟವ್ರ ಕೈಗೆ ಕೊಟ್ರ ಹಿಂಗ ಆಗೂದು,” ಎಂದು ಸರದಿಯಲ್ಲಿ ನನ್ನ ಹಿಂದೆ ನಿಂತಿದ್ದ ಶಾಲೆಯ ಮಾಸ್ತರರೊಬ್ಬರು ನಕ್ಕರು.

ನನಗೆ ಮೈಯೆಲ್ಲ ಉರಿಯಿತು. “ಕೆಡಿಸಿಲ್ರೀ. ದಿನಾ ಕಬ್ಬಿಣ ಬಡಕೋತ ಹಾಡೀನಿ, ಅಲ್ಲಿ ಏಟು ಬೇಕಿತ್ತು, ಹಾಕೀನಿ. ಕಾರ್ಡ್ ಹರದು ಒಗೀರಿ, ಇದನ್ನ ಮಾತ್ರ ತೆಗಿಯಂಗಿಲ್ಲ.”

“ಇನ್ನೊಮ್ಮೆ ಹಾಡು,” ಎಂದರು ಅಕ್ಕಾರು.

ಈ ಸಲ ಏಟು ಬೀಳುವ ಜಾಗದಲ್ಲಿ ಅವರ ಬೆರಳೂ ಮೇಜಿನ ಮೇಲೆ ಬಿತ್ತು. ಆಮೇಲೆ ಏಟು ಸೇರಿದ ಆ ಹಾಡಿಗೆಂದು ಹೊಸ ಚೀಟಿ ತೆಗೆದು, ಹಾಡು ಕಟ್ಟಿದವರು ಎಂಬಲ್ಲಿ ನನ್ನ ಹೆಸರು ಬರೆದರು.

ಹಾಡು ನನಗೀಗ ಪೂರ್ತಿ ಮರೆತುಹೋಗಿದೆ. ಎರವಲು ಕೇಳಿದರೆ, ನನಗಿಂತ ಮುಂದೆ ಹನ್ನೊಂದು ಜನ ಹೆಸರು ಬರೆಸಿದ್ದಾರಂತೆ.