ಪರದೆಯ ಮೇಲಿನ ಚುಕ್ಕಿ

ಕಳೆದುಹೋದ ಜಿಪಿಎಸ್ ಹುಡುಕುತ್ತಾ ದಾರಿ ಬಿಟ್ಟು ಕಾಡಿನೊಳಗೆ ನುಗ್ಗಿದ್ದೇ ಫಾರೆಸ್ಟ್ ಗಾರ್ಡ್ ಜಡೆಸ್ವಾಮಿಗೆ ಮುಳುವಾಯಿತು. ಒಂಟಿ ಸಲಗವೊಂದು ಅಟ್ಟಿಸಿಕೊಂಡು ಬಂತು. ದಿಕ್ಕು ನೋಡದೆ ಓಡಿದವನು ಯಾವುದೋ ಹಳ್ಳಕ್ಕೆ ಬಿದ್ದು ಕಾಲು ಮುರಿದುಕೊಂಡ. ಸಲಗ ಮಾತ್ರ ಹೋಗಲಿಲ್ಲ. ದಡದ ಮೇಲೇ ನಿಂತು ಲಟಲಟನೆ ಬಿದಿರು ಮುರಿಯುತ್ತಿತ್ತು.

ಅವನು ವಾಕಿಟಾಕಿಯನ್ನು ಬಾಯಿಗೊತ್ತಿ ಪಿಸುಗುಟ್ಟಿದ. "ಸಾರ್, ಕಾಲು ಮುರಿದೋಗದೆ. ಮ್ಯಾಲೆ ಆನೆ ನಿಂತದೆ. ಇದ್ಯಾವ ಹಳ್ಳವೋ ತಿಳೀತಿಲ್ಲ."

"ಹೆದರಬೇಡ ಕಣಯ್ಯಾ," ಎಂದರು ರೇಂಜರ್ ಸಾಹೇಬರು. "ನಿನ್ನ ಜಿಪಿಎಸ್ ಚುಕ್ಕಿ ನನ್ನ ಕಂಪ್ಯೂಟರಿನಲ್ಲಿ ಚೆನ್ನಾಗಿ ಕಾಣ್ತಿದೆ. ನಮ್ಮೋರು ಜೀಪ್ ಹತ್ತಿ ಹೊರಟಾಯ್ತು."

ಜಡೆಸ್ವಾಮಿ ವಾಕಿಟಾಕಿಯ ಗುಂಡಿ ಒತ್ತಲು ಹೋಗಿ ತಡೆದ. ನಿಜ ಹೇಳಿದರೆ ಕೆಲಸ ಹೋಗುತ್ತದೆ. ಹೇಳದಿದ್ದರೆ...

"ಸಾರ್, ಆ ಜಿಪಿಎಸ್ಸು..."

"ಮಾತಾಡಬೇಡ! ಬ್ಯಾಟರಿ ಉಳಿಸ್ಕೋ."

ಹೊತ್ತು ಇಳಿಯಿತು. ಸಂಜೆಗೆ ವಾಕಿಟಾಕಿ ಇದ್ದಕ್ಕಿದ್ದಂತೆ ಗಟ್ಟಿಯಾಗಿ ಗದರಿತು. "ಏನಯ್ಯಾ, ಕಾಲು ಮುರಿದೋನು ಓಡ್ತಾ ಇದ್ದೀಯಲ್ಲ! ನಮ್ಮೋರು ಹತ್ತಿರ ಬರೋ ಹೊತ್ತಿಗೆ ಇನ್ನೊಂದು ಗುಡ್ಡ ಹತ್ತಿರ್ತೀಯ. ತಮಾಷೆ ಮಾಡ್ತಿದ್ದೀಯಾ?"

"ಸಾರ್, ಅದು ನಾನಲ್ಲ..." ಅನ್ನುವಷ್ಟರಲ್ಲಿ ವಾಕಿಟಾಕಿಯ ದೀಪ ಆರಿತು.

ಮೇಲೆ ಬಿದಿರು ಮುರಿಯುವ ಸದ್ದು ನಿಂತಿತು. ದಡದ ಮಣ್ಣು ಅವನ ತಲೆಯ ಮೇಲೆ ಉದುರತೊಡಗಿತು.

ದೂರದ ಗುಡ್ಡದಾಚೆ ನಾಯಿಯೊಂದು ಬೊಗಳಿತು. ತನ್ನ ಬದಲಿಗೆ ಗಸ್ತು ತಿರುಗಿ ಬರಲೆಂದು ಬೆಳಿಗ್ಗೆ ಅವನೇ ಕೊರಳಿಗೆ ಜಿಪಿಎಸ್ ಕಟ್ಟಿ ಬಿಟ್ಟಿದ್ದ ನಾಯಿ.