ಬೇಡದ ಸದ್ದು

ಪ್ರೋಗ್ರಾಮಿನಿಂದ ತಾನೇ ಬರೆದಿದ್ದ ಒಂದು ಸಾಲನ್ನು ತೆಗೆದು, ಕಾರ್ಖಾನೆಯ ಪಂಪ್ ಒಡೆಯುವ ಹಿಂದಿನ ದಿನ ಧ್ವನಿಮುದ್ರಿಸಿಕೊಂಡಿದ್ದ ಸದ್ದನ್ನು ಅವಳು ಚಿಪ್ಪಿಗೆ ಮತ್ತೆ ಕೇಳಿಸಿದಳು. ಸದ್ದನ್ನು ಕಂಪನಗಳಾಗಿ ಬಿಡಿಸಿ ಆ ಕ್ಷಣವೇ ಪರದೆಯ ಮೇಲೆ ಕಂಬಗಳಾಗಿ ನಿಲ್ಲಿಸುವ ಚಿಪ್ ಅದು. ಇಷ್ಟು ದಿನ ಬೋಳಾಗಿದ್ದ ಸೆಕೆಂಡಿಗೆ ಐವತ್ತು ಕಂಪನಗಳ ಜಾಗದಲ್ಲಿ ಎಲ್ಲಕ್ಕಿಂತ ಎತ್ತರದ ಕಂಬ ಎದ್ದು ನಿಂತಿತು.

ಕರೆಂಟೂ ಸೆಕೆಂಡಿಗೆ ಅಷ್ಟೇ ಸಲ ಕಂಪಿಸುತ್ತದೆ; ಬರೀ ಅದರ ಗುಂಯ್‌ಗುಡುವ ಸದ್ದು ಎಂದುಕೊಂಡು ಆ ಸಾಲಿನಿಂದ ಅವಳೇ ಅದನ್ನು ಸೊನ್ನೆ ಮಾಡಿದ್ದಳು. ಸ್ಕ್ರೂಡ್ರೈವರಿನ ತುದಿಯನ್ನು ಪಂಪಿಗೂ ಹಿಡಿಯನ್ನು ಕಿವಿಗೂ ಒತ್ತಿ ಆಲಿಸುತ್ತಿದ್ದ ಹಿರಿಯ ಫಿಟ್ಟರ್ ಆಗಲೇ ಹೇಳಿದ್ದರು: "ಕರೆಂಟಿನ ಸದ್ದಲ್ಲಮ್ಮ ಅದು. ಬೇರಿಂಗ್ ನರಳ್ತಿದೆ." ಅವಳು ನಕ್ಕು ಪರದೆ ತೋರಿಸಿದ್ದಳು. ಚಿಪ್ಪೇ ಕೇಳಿಸಿಕೊಳ್ಳುವಾಗ ಇನ್ನು ಕಿವಿ ಯಾಕೆ ಎಂದು ಮ್ಯಾನೇಜರ್ ಅವರನ್ನು ಮನೆಗೆ ಕಳಿಸಿದ್ದರು. ಹೋಗುವಾಗ ಅವರು ಸ್ಕ್ರೂಡ್ರೈವರನ್ನು ಅವಳ ಕೈಗೆ ಕೊಟ್ಟಿದ್ದರು.

ಅವಳು ಫಿಟ್ಟರಿಗೆ ಫೋನ್ ಮಾಡಿದಳು. "ನೀವು ಹೇಳಿದ್ದೇ ಸರಿ ಅಣ್ಣ. ಈಗ ಕಾಣ್ತಿದೆ."

ಅವರು ಕೇಳಿದರು: "ಕಾಣೋದಿರಲಿ. ಆ ಸ್ಕ್ರೂಡ್ರೈವರ್ ಒಂದು ಸಲನಾದ್ರೂ ಕಿವಿಗಿಟ್ಟು ನೋಡಿದ್ಯಾ?"

ಅದು ಮೇಜಿನ ಮೇಲೆಯೇ ಇತ್ತು. ಫ್ಯಾನಿನ ಗಾಳಿಗೆ ಹಾರದಿರಲೆಂದು ಅವಳು ತನ್ನ ವರದಿಯ ಮೇಲೆ ಅದನ್ನು ಭಾರಕ್ಕೆ ಇಟ್ಟಿದ್ದಳು. ಅದರಡಿಯಲ್ಲಿ ಅವಳದೇ ಸಾಲು ಕಾಣುತ್ತಿತ್ತು: 'ಬೇಡದ ಸದ್ದನ್ನು ತೆಗೆದುಹಾಕಲಾಗಿದೆ.'