ಮೂರನೆಯ ಬಟ್ಟಲು

ಓರಗಿತ್ತಿಯ ಬಟ್ಟಲಿನ ತಳಕ್ಕೆ ಬೆಣ್ಣೆಯ ಉಂಡೆಯೊಂದನ್ನು ಹಾಕಿ, ಅದು ಕಾಣದ ಹಾಗೆ ಮೇಲೆ ಬಿಸಿ ಸೂಪು ಸುರಿದು, ಕಿರಿಸೊಸೆ ಅಡುಗೆಮನೆಯ ಬಾಗಿಲ ಕಡೆ ನೋಡಿದಳು. ಯಾರೂ ಇರಲಿಲ್ಲ. ಮೇಲೆ ತಾರಸಿಯಲ್ಲಿ ಹಿರಿಸೊಸೆ ಓಡುತ್ತಿದ್ದ ಸದ್ದು ಧಡಧಡ ಕೇಳುತ್ತಿತ್ತು. ಬೆಣ್ಣೆ ಕರಗಿ ಹೊಳೆಯತೊಡಗಿದಾಗ ಅದನ್ನು ಚಮಚದಿಂದ ಕದಡಿ ಮರೆಮಾಡಿದಳು. 'ಓಡಮ್ಮ ಓಡು, ಚೆನ್ನಾಗಿ ಓಡು' ಎಂದು ಮನಸ್ಸಿನಲ್ಲೇ ಹರಸಿದಳು.

ಇಷ್ಟಕ್ಕೆಲ್ಲ ಮೂಲ ಅತ್ತೆಯ ಬೆಳ್ಳಿಯ ಸೊಂಟಪಟ್ಟಿ. "ಇದನ್ನ ಉದ್ದ ಮಾಡಿಸೋಕೆ ನಾನು ಬಿಡಲ್ಲ. ನನ್ನ ಹುಟ್ಟಿದ ದಿನ ಯಾರ ಸೊಂಟಕ್ಕೆ ಕೊಂಡಿ ಬೀಳುತ್ತೋ ಇದು ಅವರದ್ದು" ಎಂದು ಅತ್ತೆ ಸಾರಿದ್ದೇ ತಡ, ಮನೆಯಲ್ಲಿ ಎರಡು ಪಕ್ಷ ಹುಟ್ಟಿಕೊಂಡವು. "ಓಡಿದ್ರೇನೇ ಕೊಬ್ಬು ಕರಗೋದು" ಎಂದು ಹಿರಿಮಗ ಹೆಂಡತಿಗೆ ಹೊಸ ಬೂಟು ತಂದುಕೊಟ್ಟ. ಕಿರಿಮಗ ಮನೆಗಳಿಗೆ ಬಣ್ಣ ಬಳಿಯುವವನು. "ಓಟ ನಿಂತ್ರೆ ಕರಗೋದೂ ನಿಲ್ಲುತ್ತೆ. ಭಾರ ಎತ್ತು, ಮಲಗಿದ್ರೂ ಮೈ ಕರಗ್ತಾ ಇರುತ್ತೆ" ಎಂದು ಖಾಲಿ ಬಣ್ಣದ ಡಬ್ಬಿಗಳೆರಡಕ್ಕೆ ಸಿಮೆಂಟು ತುಂಬಿ, ನಡುವೆ ಕಬ್ಬಿಣದ ಪೈಪು ಸಿಕ್ಕಿಸಿ ತನ್ನವಳ ಮುಂದಿಟ್ಟ. ಊಟದ ವಿಷಯದಲ್ಲಿ ಮಾತ್ರ ಎರಡೂ ಪಕ್ಷಗಳದ್ದು ಒಂದೇ ಮಾತು. ಎಣ್ಣೆ ಇಲ್ಲ, ಸಕ್ಕರೆ ಇಲ್ಲ, ಬೇಯಿಸಿದ ತರಕಾರಿ ಮತ್ತು ಸಪ್ಪೆ ಸೂಪು. ಒಂದು ದಿನ ಒಬ್ಬಳ ಅಡುಗೆ, ಮಾರನೆಯ ದಿನ ಇನ್ನೊಬ್ಬಳದು. ಗಂಡಂದಿರಿಬ್ಬರೂ ವಾರ ತುಂಬುವುದರೊಳಗೆ ಕ್ಯಾಂಟೀನಿನಲ್ಲೇ ಹೊಟ್ಟೆ ತುಂಬಿಸಿಕೊಂಡು ಬರುವುದನ್ನು ಕಲಿತರು.

ಕಿರಿಸೊಸೆಗೆ ಆ ಪಟ್ಟಿ ಬೇಕೇ ಬೇಕಾಗಿತ್ತು. ಈ ಮನೆಗೆ ಬಂದಾಗಿನಿಂದ ಅವಳ ಪಾಲಿಗೆ ಬಂದದ್ದೆಲ್ಲ ಓರಗಿತ್ತಿ ಬಳಸಿ ಬಿಟ್ಟದ್ದು: ಬೀರು, ಹೊಲಿಗೆ ಯಂತ್ರ, ಕೊನೆಗೆ ಮಗುವಿನ ತೊಟ್ಟಿಲು ಕೂಡ. ಇದೊಂದಾದರೂ ಮೊದಲು ತನ್ನ ಕೈಗೆ ಬರಲಿ ಎಂದು ಅವಳು ಹಠ ಹಿಡಿದಿದ್ದಳು. ಡಬ್ಬಿ ಎತ್ತಿದ್ದರಿಂದಲೇ ಗೆಲ್ಲುತ್ತೇನೆಂಬ ಧೈರ್ಯ ಸಾಲದೆ ಬೆಣ್ಣೆಗೆ ಕೈ ಹಾಕಿದ್ದಳು, ಅಷ್ಟೆ.

ಹಿರಿಸೊಸೆ ಬೆವರು ಒರೆಸಿಕೊಳ್ಳುತ್ತ ಬಂದು ಕೂತು, ಬಟ್ಟಲನ್ನು ಬಾಯಿಗಿಟ್ಟು ಕಣ್ಣರಳಿಸಿದಳು. "ಏನೇ, ದಿನದಿಂದ ದಿನಕ್ಕೆ ನಿನ್ನ ಕೈರುಚಿ ಹೆಚ್ಚಾಗ್ತಿದೆಯಲ್ಲ!"

"ನಿಮ್ಮದೇನು ಕಡಿಮೆನಾ ಅಕ್ಕ? ನಿನ್ನೆ ನಿಮ್ಮ ಕುಂಬಳಕಾಯಿ ಸೂಪು ನನಗೆ ಬಿಡೋಕೇ ಮನಸ್ಸಾಗಲಿಲ್ಲ. ನೀವೇ ಒಳಗೆ ಹೋಗಿ ಇನ್ನೊಂದು ಬಟ್ಟಲು ತುಂಬಿಸಿ ತಂದುಕೊಟ್ರಿ."

"ರುಚಿಯಂತೆ ರುಚಿ! ನನಗಂತೂ ಬಿಸಿನೀರು ಕುಡಿದ ಹಾಗಾಗುತ್ತೆ" ಎಂದು ಅತ್ತೆ ಮುಖ ಸಿಂಡರಿಸಿ, ಖಾಲಿ ಬಟ್ಟಲುಗಳನ್ನು ಎತ್ತಿಕೊಂಡು ಎದ್ದರು. ಪಾತ್ರೆ ತೊಳೆಯುವುದು ಅವರ ಕೆಲಸ, ಅದನ್ನು ಯಾರಿಗೂ ಬಿಟ್ಟುಕೊಟ್ಟವರಲ್ಲ. ನಲ್ಲಿಯ ಹತ್ತಿರದಿಂದ ಕೂಗಿ ಹೇಳಿದರು: "ಸೋಪು ತರಿಸ್ರಮ್ಮ, ಈಚೆಗೆ ಯಾಕೋ ಬೇಗ ಸವೆದುಹೋಗ್ತಿದೆ."

ಹುಟ್ಟಿದ ದಿನ ಬಂತು. ಹಿರಿಸೊಸೆ ಉಸಿರು ಬಿಗಿಹಿಡಿದು ಪಟ್ಟಿ ಸುತ್ತಿಕೊಂಡಳು. ಇಷ್ಟು ದಿನ ಓಡಿದ್ದಕ್ಕೆ ದಮ್ಮೇನೋ ಚೆನ್ನಾಗಿ ಬಂದಿತ್ತು, ಎಷ್ಟು ಹೊತ್ತು ಬೇಕಾದರೂ ಉಸಿರು ಹಿಡಿಯಬಲ್ಲವಳಾಗಿದ್ದಳು. ಆದರೆ ಕೊಂಡಿಯ ಎರಡು ತುದಿಗಳ ನಡುವೆ ಅಂಗೈ ಅಗಲದ ಜಾಗ ಹಾಗೇ ಉಳಿಯಿತು. ಕಿರಿಸೊಸೆಗೆ ಒಳಗೊಳಗೇ ಹಾಲು ಕುಡಿದಷ್ಟು ಖುಷಿ. ಪಟ್ಟಿ ಕಸಿದು ತಾನು ಸುತ್ತಿಕೊಂಡಳು. ಅವಳಿಗೂ ಅದೇ ಅಂಗೈ ಅಗಲ. ನಂಬಿಕೆಯಾಗದೆ, ಸಿಮೆಂಟು ಎತ್ತಿ ಗಟ್ಟಿಯಾದ ಕೈಗಳಿಂದ ಎಳೆದಳು.

"ಎಳೀಬೇಡ್ವೇ, ಕಿತ್ತೋಗುತ್ತೆ!" ಅತ್ತೆ ಓಡಿಬಂದು ಪಟ್ಟಿ ಬಿಡಿಸಿಕೊಂಡರು.

ಕಿರಿಸೊಸೆಯ ಕಣ್ಣಲ್ಲಿ ನೀರು ತುಂಬಿತು. ಅತ್ತೆ ಪಟ್ಟಿಯನ್ನು ಸೆರಗಿನಲ್ಲಿ ಒರೆಸಿ, ಸುಮ್ಮನೆ ನೋಡುವವರ ಹಾಗೆ ತಮ್ಮ ಸೊಂಟಕ್ಕೆ ಸುತ್ತಿದರು. ಕಟಕ್ ಎಂದು ಕೊಂಡಿ ಬಿತ್ತು. ಮೊದಲ ಹೆರಿಗೆಯಾದಾಗಿನಿಂದ ಬೀಳದಿದ್ದ ಕೊಂಡಿ ಅದು. ಅವರು ಕನ್ನಡಿಯ ಮುಂದೆ ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ತಿರುಗಿದರು.

"ಅಲ್ಲ ಅತ್ತೆ, ನೀವು ಓಡಲಿಲ್ಲ, ಭಾರ ಎತ್ತಲಿಲ್ಲ. ಅದು ಹೇಗೆ?" ಕಿರಿಸೊಸೆ ಮೂಗೊರೆಸಿಕೊಂಡು ಕೇಳಿದಳು.

"ಇಬ್ಬರ ಸಪ್ಪೆ ಸೂಪನ್ನೂ ಸಪ್ಪೆಯಾಗೇ ಕುಡಿದವಳು ಈ ಮನೇಲಿ ನಾನೊಬ್ಬಳೇ ಅಲ್ವಾ?" ಅತ್ತೆ ಕನ್ನಡಿಯಿಂದ ಕಣ್ಣು ತೆಗೆಯಲಿಲ್ಲ. "ಬಟ್ಟಲು ತೊಳೆಯೋಳು ನಾನು ಕಣ್ರೇ. ಒಂದು ದಿನ ಅವಳ ಬಟ್ಟಲಿನ ಜಿಡ್ಡು ಎಷ್ಟು ಉಜ್ಜಿದ್ರೂ ಹೋಗಲ್ಲ. ಮಾರನೇ ದಿನ ನಿನ್ನ ಬಟ್ಟಲಿನ ಜಿಡ್ಡು ಹೋಗಲ್ಲ. ನನ್ನದು ಮಾತ್ರ ದಿನಾ ಬರೀ ನೀರಿಗೇ ಫಳಫಳ."

ಕಿರಿಸೊಸೆ ಮೆಲ್ಲಗೆ ಓರಗಿತ್ತಿಯ ಕಡೆ ತಿರುಗಿದಳು. ಹಿರಿಸೊಸೆ ಸೂರಿನಲ್ಲಿ ಜೇಡರಬಲೆ ಹುಡುಕುತ್ತಿದ್ದಳು.

"ನಾಳೆ ಅಡುಗೆ ಯಾರದು?" ಎಂದರು ಅತ್ತೆ. "ನನ್ನ ಬಟ್ಟಲಿಗೂ ಒಂದು ಉಂಡೆ ಬೀಳಲಿ. ಇಲ್ಲದಿದ್ರೆ ಇದು ಸೊಂಟದಿಂದ ಜಾರಿಹೋಗುತ್ತೆ."